ಆಷಾಢಕ್ಕೆ ಮುಂಚೆ ಬಿಟ್ಟ ನೌಕರಿ

ಕಸ್ತೂರಿಯ ಬಾಯಿಂದ ಮಾತು ಬಿತ್ತೆಂದರೆ ಪಂಚಾಂಗದಲ್ಲಿ ಅಚ್ಚಾದಂತೆ. ಗಂಡ ಕಾಳಪ್ಪ ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲಿಗೆ ಪಾಲಿಶ್ ಹೊಡೆಯುತ್ತಿದ್ದ. ಆ ನೌಕರಿ ಬಿಡಿಸಿ, ಅವನ ಪಿಎಫ್ ರೊಕ್ಕ ತೆಗೆಸಿ, ಮನೆಯ ಮುಂದಿನ ಖೋಲಿಯಲ್ಲಿ ಹಿಟ್ಟಿನ ಗಿರಣಿ ಹಾಕಬೇಕೆಂಬುದು ಆಕೆಯ ಮಹಾಸಂಕಲ್ಪ. ಕಾಳಪ್ಪನಿಗೂ ಬೇಡವೆನಿಸಿರಲಿಲ್ಲ. (ಅನಿಸಿದ್ದರೂ ಕೇಳುವವರಾರು?)

ಆದರೆ ಆನ್‌ಲೈನ್ ಸೆಂಟರಿನ ಅಹ್ಮದಸಾಬರು ಅವನಿಗೆ ತಿಳಿಸಿ ಹೇಳಿದ್ದರು. ನೌಕರಿಗೆ ಐದು ವರ್ಷ ತುಂಬುವ ಮೊದಲೇ ಪಿಎಫ್ ಎತ್ತಿದರೆ, ಮೊತ್ತ ಅರ್ಧ ಲಕ್ಷ ಮುಟ್ಟಿದ್ದರೆ, ನೂರಕ್ಕೆ ಹತ್ತು ತೆರಿಗೆಯೆಂದು ಮುರಿದುಕೊಂಡೇ ಕೊಡುತ್ತಾರೆ. ಐದು ತುಂಬಿದರೆ ಆ ಗೋಜಿಲ್ಲ. ಅವನಿಗೆ ತುಂಬಲು ಒಂದೇ ತಿಂಗಳು ಬಾಕಿ.

"ಒಂದ ತಿಂಗಳ ತಡಿಯೂಣು," ಅಂದ.

"ಆ ತಿಂಗಳ ಯಾವ್ದು ಗೊತ್ತೈತೇನ್ರಿ? ಆಷಾಢ. ಆಷಾಢದಾಗ ಗಿರಣಿ ಪೂಜಿ ಮಾಡಿದ್ರ ಹಿಟ್ಟ ಬರೂದಿಲ್ಲ, ಧೂಳ ಬರ್ತೈತಿ."

"ಹಂಗಾರ ಶ್ರಾವಣಕ್ಕ ಮಾಡೂಣು."

"ಶ್ರಾವಣದಾಗ ಮಂದಿ ಹಿಟ್ಟಿಗೆ ಪಾಳಿ ಹಚ್ಚಿರ್ತಾರ. ಆವಾಗ ನೀವು ಗಂಟಿ ಬಾರಿಸ್ಕೊಂತ ಕುಂದರ್ತೀರಿ?"

ಮಣ್ಣೆತ್ತಿನ ಅಮಾವಾಸ್ಯೆಗೆ ಮುಂಚೆಯೇ ರಾಜೀನಾಮೆ, ಪೂಜೆ ಎರಡೂ ಮುಗಿದವು. ಕಾಯಿ ಒಡೆದದ್ದು ಖಾಲಿ ಖೋಲಿಗೆ. ಕೆಲಸ ಬಿಟ್ಟು ಎರಡು ತಿಂಗಳಾಗದೆ ಪಿಎಫ್ ಪೂರ್ತಿ ಕೈಗೆ ಬರುವುದಿಲ್ಲವೆಂಬುದು ಆಮೇಲೆ ಗೊತ್ತಾಯಿತು. ನಾಗರಪಂಚಮಿಗೆ ಕಸ್ತೂರಿ ಹಿಂದಿನ ಓಣಿಯ ಮೆಹರುನ್ನಿಸಾಳ ಗಿರಣಿಗೇ ಡಬ್ಬಿ ಹೊತ್ತಳು.

ಗಣಪತಿ ಹಬ್ಬದ ಹೊತ್ತಿಗೆ ರೊಕ್ಕ ಬಂತು, ಹೇಳಿದಷ್ಟು ಮುರಿದುಕೊಂಡೇ ಬಂತು. ಗಿರಣಿ ಕೊಂಡರು, ಮೋಟಾರಿಗೆ ಸಾಲಲಿಲ್ಲ. ಹೊಸ ಗಿರಣಿಯ ಮೇಲೆ ಕಸ್ತೂರಿ ಹಾಸಿಗೆ ಮಡಿಚಿಡತೊಡಗಿದಳು. ಕಾಳಪ್ಪ ಮಂದಿಯ ಮನೆಗಳ ನೆಲಕ್ಕೆ ಫರಸಿ ಕಲ್ಲು ಕೂರಿಸಲು ಹೋಗತೊಡಗಿದ.

ಸರಕಾರ ತನ್ನ ಮೋಟಾರು ನುಂಗಿತೆಂದು ಆಕೆ ಜಗಳಕ್ಕೆ ಹೋದಾಗ ಅಹ್ಮದಸಾಬರು ಸಮಾಧಾನವಾಗಿ ಹೇಳಿದರು: "ನುಂಗಿಲ್ಲ ಅಕ್ಕಾರ, ಇಟ್ಕೊಂಡೈತಿ. ಯಜಮಾನರ ಗಳಿಕಿ ತೆರಿಗಿ ಬೀಳೂವಷ್ಟಿಲ್ಲ. ಮುಂದಿನ ವರ್ಷ ರಿಟರ್ನ್ ತುಂಬ್ರಿ, ಹೊಳ್ಳಿ ಬರ್ತೈತಿ."

ಮರುವರ್ಷ ತುಂಬಿದರು. ಒಂದು ಮಧ್ಯಾಹ್ನ ಕಾಳಪ್ಪನ ಮೊಬೈಲಿಗೆ ರೊಕ್ಕ ಜಮೆಯಾದ ಸುದ್ದಿ ಬಂತು. ಕಸ್ತೂರಿ ಆಗಲೇ ಸೀರೆ ಬದಲಿಸಿ, ಮೋಟಾರು ತರಲು ಚಪ್ಪಲಿ ಮೆಟ್ಟಿದಳು. ಕಾಳಪ್ಪ ಅವಸರ ಮಾಡಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ, ಬೆರಳಿಟ್ಟು ತೋರಿಸಿದ.

"ನಿನ್ನಿಯಿಂದ ಆಷಾಢ ಹತ್ತೈತಿ."

ಆಕೆ ಕ್ಯಾಲೆಂಡರ್ ನೋಡಿದಳು, ಗಂಡನ ಮುಖ ನೋಡಿದಳು. ಸೀರೆ ಉಟ್ಟಾಗಿತ್ತಲ್ಲ, ಜೋಳದ ಡಬ್ಬಿ ಎತ್ತಿಕೊಂಡು ಹೊರಟಳು.

ಮೆಹರುನ್ನಿಸಾ ಜೋಳ ಸುರುವುತ್ತ ಕೇಳಿದಳು, "ನಿಮ್ಮ ಗಿರಣಿ ಎಂದ ಚಾಲೂ ಆಗ್ತೈತಿ ವೈನಿ?"

"ಪೂಜಿ ಅಂತೂ ಆಗೇತಿ," ಅಂದಳು ಕಸ್ತೂರಿ.