ಅರವತ್ತಾರಕ್ಕೆ ನಿಲ್ಲಲೊಲ್ಲದ ಚಾಪೆಲ್ ಬಾಯ್ಲರ್ ಅವರಿಗೆ

ಕೋಲ್ಡ್‌ಶಾ, ಯಾರ್ಕ್‌ಶೈರ್
ಜೂನ್ ಹದಿನಾರು, ಮಂಗಳವಾರ

ಮಾನ್ಯ ವಿದ್ಯುತ್ ಬಾಯ್ಲರ್ ಅವರೇ,

ಮೂವತ್ತೊಂದು ವರ್ಷಗಳಿಂದ ನಮ್ಮೂರ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಅಡುಗೆಕೋಣೆಯಲ್ಲಿ ಒಂದು ತೊಟ್ಟು ಮದ್ಯವನ್ನೂ ಸೋಕದೆ, ಪ್ರತಿ ಭಾನುವಾರ ಅರವತ್ತು ಮಂದಿಗೆ ಕುದಿಕುದಿಯುವ ಚಹಾ ಒದಗಿಸಿ, ಊರಿನ ಅರ್ಧ ನಾಲಿಗೆಗಳನ್ನು ಭಕ್ತಿಪೂರ್ವಕವಾಗಿ ಸುಟ್ಟಿರುವ ತಮ್ಮ ಪಾದಗಳಿಗೆ, ಅಂದರೆ ತಮ್ಮ ನಾಲ್ಕು ರಬ್ಬರ್ ಕಾಲುಗಳಿಗೆ, ನಿವೃತ್ತ ರೈಲ್ವೆ ಸಿಗ್ನಲ್‌ಮನ್ ಹೆಡ್ಲಿ ಸಗ್ಡನ್ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕಳೆದ ಶನಿವಾರದ ತಮ್ಮ ನಡವಳಿಕೆಯ ನಂತರ ಊರೆಲ್ಲ ಆ ಬಗ್ಗೆಯೇ ವಿಚಾರಿಸುತ್ತಿದೆ.

ದೂರು ಹೇಳುವ ಮೊದಲು ತಮ್ಮನ್ನು ನನ್ನ ಶೆಡ್ಡಿಗೆ ಕರೆತಂದದ್ದೇಕೆಂದು ಹೇಳಿಬಿಡುವುದು ನ್ಯಾಯ. ಹೇಜಲ್ ನನ್ನ ಒಬ್ಬಳೇ ಮಗಳು. ಅವಳ ಮದುವೆಗೆ ಬಿಯರನ್ನು ನಾನೇ ಕೈಯಾರೆ ತಯಾರಿಸುತ್ತೇನೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತು ಕೊಟ್ಟಿದ್ದೆ. ಆದರೆ ಅವಳು ಮೆಚ್ಚಿದ್ದು ಬೆಟ್ಟದಾಚೆಯ, ನಮ್ಮ ಸೀಮೆಗೆ ತಲೆತಲಾಂತರದ ಎದುರಾಳಿಯಾದ ಲ್ಯಾಂಕಾಶೈರಿನ ಹುಡುಗನನ್ನು. ಅವನ ತಂದೆ ಕ್ರಾಂಪ್ಟನ್ ನಲವತ್ತು ವರ್ಷ ಬಿಯರ್ ಕಾರ್ಖಾನೆಯಲ್ಲೇ ದುಡಿದವರು. ನನ್ನ ಸಂಕಲ್ಪ ಕೇಳಿ ಅವರು ನಮ್ಮ ಮನೆಯ ಸೋಫಾದ ಮೇಲೆ ಕೂತು ಬಹಳ ಮೆದುವಾಗಿ, "ಮಾಡಿ, ಮಾಡಿ, ಬೇಡ ಅನ್ನೋಕೆ ನಾನ್ಯಾರು. ಯಾತಕ್ಕೂ ಇರ್ಲಿ ಅಂತ ವ್ಯಾನಲ್ಲಿ ನಾನೂ ಎರಡು ಪೀಪಾಯಿ ಇಟ್ಕೊಂಡು ಬರ್ತೀನಿ" ಎಂದರು. ಆ "ಯಾತಕ್ಕೂ ಇರ್ಲಿ" ಎಂಬ ಮಾತು ನನ್ನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ನನ್ನ ಮಗಳ ಮದುವೆಯಲ್ಲಿ ಲ್ಯಾಂಕಾಶೈರಿನ ಬಿಯರ್ ಹರಿಯುವುದನ್ನು ನೋಡುವುದಕ್ಕಿಂತ ನಾನೇ ಪೀಪಾಯಿಯೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳುವುದು ಮೇಲೆನಿಸಿತು.

ಬಿಯರ್ ಕಾಯಿಸುವ ನನ್ನ ಹಳೆಯ ಪಾತ್ರೆ ಸುಟ್ಟುಹೋಗಿತ್ತು. ಹಾಗಾಗಿ ಚಾಪೆಲ್ಲಿನ ಚಹಾ ಉಸ್ತುವಾರಿ ಎನಿಡ್ ಬಾಟಮ್ಲಿಯವರ ಬಳಿ ಹೋಗಿ, ಕುಂಬಳಕಾಯಿ ಚಟ್ನಿ ಮಾಡಲು ಬೇಕೆಂದು ಸುಳ್ಳು ಹೇಳಿ, ತಮ್ಮನ್ನು ಕೈಗಾಡಿಯಲ್ಲಿ ಕೂರಿಸಿ ಸಕಲ ಮರ್ಯಾದೆಯೊಂದಿಗೆ ಕರೆತಂದೆ. ಎಪ್ಪತ್ತಾರು ವರ್ಷದ ಆಕೆ ಹುಟ್ಟಿದಂದಿನಿಂದ ಮದ್ಯ ಮುಟ್ಟಿದವರಲ್ಲ. ತಾವೂ ಆಕೆಯ ಕೈಯಲ್ಲೇ ಪಳಗಿದವರೆಂಬುದನ್ನು ನಾನು ಆಗಲೇ ಯೋಚಿಸಬೇಕಿತ್ತು.

ನಾನು ತಮ್ಮಲ್ಲಿ ಬೇಡಿದ್ದು ಬಹಳವೇನಲ್ಲ, ಸ್ವಾಮೀ. ಪುಡಿಮಾಡಿದ ಮೊಳಕೆ ಬಾರ್ಲಿಯನ್ನು ಬಿಸಿನೀರಲ್ಲಿ ಕಲಸಿ, ಆ ಗಂಜಿಯನ್ನು ಒಂದೂವರೆ ಗಂಟೆ ಅರವತ್ತಾರು ಡಿಗ್ರಿಯಲ್ಲಿ ಇಟ್ಟುಕೊಂಡಿದ್ದರೆ ಸಾಕಿತ್ತು. ಅಷ್ಟರಲ್ಲಿ ಅದರೊಳಗಿನ ಹಿಟ್ಟು ತಾನಾಗಿಯೇ ಸಕ್ಕರೆಯಾಗುತ್ತದೆ, ಆ ಸಕ್ಕರೆಯನ್ನು ಯೀಸ್ಟ್ ಮುಂದೆ ಮದ್ಯವಾಗಿಸುತ್ತದೆ. ಹೆಚ್ಚು ಬಿಸಿಯಾದರೆ ಈ ಕೆಲಸ ಕೆಡುತ್ತದೆ, ತೀರ ಕಡಿಮೆಯಾದರೆ ಸಕ್ಕರೆಯೆಲ್ಲ ಮದ್ಯವಾಗಿ ಬಿಯರು ತೆಳ್ಳಗೆ, ತೀಕ್ಷ್ಣವಾಗುತ್ತದೆ. ತಮ್ಮ ಶಾಖದ ಗುಂಡಿಯನ್ನು ನಾನು ಸರಿಯಾಗಿ ಅರವತ್ತಾರಕ್ಕೇ ತಿರುಗಿಸಿದೆ. ತಾವು ಅದನ್ನು ಒಂದು ಸಲಹೆಯೆಂದು ಮಾತ್ರ ಸ್ವೀಕರಿಸಿದಿರಿ. ಎಪ್ಪತ್ತಾಯಿತು, ಎಪ್ಪತ್ತನಾಲ್ಕಾಯಿತು, ಗುಂಡಿ ತಿರುಗಿಸಿದೆ, ಬೇಡಿಕೊಂಡೆ, ಕೊನೆಗೆ ವೈರು ಕಿತ್ತೆ, ಅಷ್ಟಾದ ಮೇಲೂ ತಾವು ಒಳಗೆ ಉಳಿಸಿಕೊಂಡಿದ್ದ ಶಾಖದಿಂದಲೇ ಎಪ್ಪತ್ತೊಂಬತ್ತು ಮುಟ್ಟಿದಿರಿ. ಮೂವತ್ತೆಂಟು ವರ್ಷ ಒಂದೇ ಕೈಯಲ್ಲಿ ಸಿಗ್ನಲ್ಲಿನ ಸನ್ನೆಗೋಲು ಎಳೆದು ಕಲ್ಲಿದ್ದಲಿನ ಗೂಡ್ಸ್ ರೈಲುಗಳನ್ನು ನಿಲ್ಲಿಸಿದವನು ನಾನು, ಒಂದು ಚಹಾ ಪಾತ್ರೆಯನ್ನು ನಿಲ್ಲಿಸಲು ನನ್ನಿಂದಾಗಲಿಲ್ಲ.

ಆ ಗಂಜಿಯ ಬಿಯರಿನಲ್ಲಿ ಯೀಸ್ಟ್ ಎರಡು ದಿನ ಮನಸ್ಸಿಲ್ಲದ ಮನಸ್ಸಿನಿಂದ ದುಡಿದು ಮೂರನೆಯ ದಿನ ಮುಷ್ಕರ ಹೂಡಿತು. ರುಚಿ ನೋಡಲು ಕರೆದ ನೆರೆಮನೆಯ ಕ್ಲಿಫರ್ಡ್ ಆರು ಗ್ಲಾಸು ಮುಗಿಸಿ, "ಇದು ಪಾಯಸ ಕಣಯ್ಯಾ ಹೆಡ್ಲಿ. ಆರು ಗ್ಲಾಸ್ ಹೊಡ್ದಿದೀನಿ, ಇನ್ನೂ ನನ್ ಹೆಂಡ್ತಿ ಬೈದಿದ್ದೆಲ್ಲಾ ಸರಿಯಾಗಿ ನೆನಪಿದೆ" ಎಂದು ಸೈಕಲ್ ಏರಿ ನೂಲಿನಷ್ಟು ನೇರವಾಗಿ ಮನೆಗೆ ಹೋದ. ನನ್ನ ಬಾರ್ಲಿಗೂ ಮದ್ಯವರ್ಜನೆಯ ದೀಕ್ಷೆ ಕೊಟ್ಟ ತಮ್ಮ ಧರ್ಮಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು.

ಎರಡನೆಯ ಸಲ ನಾನು ತಮ್ಮ ಭಯಕ್ಕೆ ತಣ್ಣೀರಿನ ಬಕೆಟ್ಟು ಹಿಡಿದೇ ನಿಂತೆ. ಥರ್ಮಾಮೀಟರಿನ ಮುಳ್ಳು ಅರವತ್ತೇಳು ತೋರಿದ ಕೂಡಲೇ ಸುರಿದೆ, ಗಾಬರಿಯಲ್ಲಿ ಮತ್ತಷ್ಟು ಸುರಿದೆ, ಐವತ್ತೊಂಬತ್ತಕ್ಕೆ ಇಳಿದು ಅಲ್ಲೇ ಕೂತಿತು. ಈ ಬಾರಿ ಬಿಯರು ನೋಡಲು ನೀರು, ಒಳಗೆ ಬೆಂಕಿ. ಕ್ಲಿಫರ್ಡ್ ಎರಡೇ ಗ್ಲಾಸಿಗೆ ನಮ್ಮ ಬೇಲಿಯ ಕೈಕುಲುಕಿ, ಒಳ್ಳೆಯ ಆತಿಥ್ಯಕ್ಕಾಗಿ ಧನ್ಯವಾದ ಹೇಳಿ, ಆ ಬೇಲಿಯಲ್ಲೇ ಮಲಗಿದ. ಮದುವೆಗೆ ಉಳಿದದ್ದು ನಾಲ್ಕು ವಾರ. ಹೇಜಲ್ ಬಂದು, "ಹೋಗ್ಲಿ ಬಿಡಪ್ಪಾ, ಅವರ ಪೀಪಾಯಿ ಹೇಗೂ ಇರುತ್ತಲ್ಲ" ಎಂದಳು. ಅವಳು ಸಮಾಧಾನಕ್ಕೆ ಹೇಳಿದ್ದು. ನನಗೆ ಅಳು ಬಂತು, ಮುಚ್ಚಿಡುವುದೇನಿದೆ.

ಅದರ ಮರುದಿನವೇ ಎನಿಡ್ ಬಾಟಮ್ಲಿ ತಮ್ಮ ಯೋಗಕ್ಷೇಮ ನೋಡಲು ಶೆಡ್ಡಿಗೆ ಬಂದರು. ಮೂಗು ಅರಳಿಸಿ, ತಮ್ಮ ಮುಚ್ಚಳ ಎತ್ತಿ, ಮೊಳಕೆಯ ಎಳೆ ಅಂಟಿದ್ದ ಒಂದು ಕಾಳು ಬಾರ್ಲಿಯನ್ನು ಎರಡು ಬೆರಳಲ್ಲಿ ಹಿಡಿದು, "ಕುಂಬಳಕಾಯಿ ಚಟ್ನಿ ಅಂದಿದ್ಯಲ್ಲಪ್ಪಾ ಹೆಡ್ಲಿ, ಕುಂಬಳಕಾಯಿಗೆ ಗಡ್ಡ ಬಂದಿದ್ಯಾ?" ಎಂದರು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ, ಕ್ರಾಂಪ್ಟನ್ನರ ಎರಡು ಪೀಪಾಯಿಯ ಮಾತನ್ನೂ ಸೇರಿಸಿ. ಆಕೆ ಕಾಳನ್ನು ಮರಳಿ ತಮ್ಮೊಳಗೇ ಹಾಕಿ, "ಲ್ಯಾಂಕಾಶೈರೋರು ಹಾಗಂದ್ರಾ" ಎಂದು ಕೇಳಿದರು. ಆಮೇಲೆ, "ಈ ಮುಂಡೇದಕ್ಕೆ ಕುದಿಯೋದು ಬಿಟ್ರೆ ಬೇರೆ ಗೊತ್ತಿಲ್ಲ. ಅದರ ಗುಂಡಿ ಬರೀ ಶೋಕಿಗೆ. ಮೊದ್ಲೇ ನೀರು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಕಾಯಿಸ್ಕೋ, ಗೋಡೆ ಸ್ವಿಚ್ ಆಫ್ ಮಾಡು, ಬಾರ್ಲಿ ಹಾಕು, ಮೇಲೆ ಇದನ್ನ ಹೊದಿಸು. ಮತ್ತೆ ಮುಚ್ಚಳ ತೆಗ್ದು ಇಣುಕಿದ್ರೆ ಕೈ ಮೇಲೆ ಕೊಡ್ತೀನಿ" ಎಂದು, ಚಳಿಗಾಲದ ಪ್ರಾರ್ಥನೆಗಳಲ್ಲಿ ಚಹಾ ಆರದಿರಲೆಂದು ಆಕೆಯೇ ಹೆಣೆದಿದ್ದ ಉಣ್ಣೆಯ ದೊಡ್ಡ ಟೊಪ್ಪಿಗೆಯನ್ನು ಚೀಲದಿಂದ ತೆಗೆದು ತಮ್ಮ ತಲೆಗೆ ಇಳಿಬಿಟ್ಟರು.

ಎಪ್ಪತ್ತೆರಡಕ್ಕೆ ಸ್ವಿಚ್ ಆಫ್. ಬಾರ್ಲಿ ಬಿದ್ದೊಡನೆ ಅರವತ್ತಾರು. ಒಂದೂವರೆ ಗಂಟೆಯ ನಂತರ ಅರವತ್ತೈದು. ತಾವು ನೇರಳೆ ಬಣ್ಣದ ಟೊಪ್ಪಿಗೆಯೊಳಗೆ ಅಜ್ಜಿಯ ಮಡಿಲ ಬೆಕ್ಕಿನಂತೆ ಕೂತಿದ್ದಿರಿ. ನಾನು ಶೆಡ್ಡಿನಲ್ಲಿ ಒಬ್ಬನೇ ಕುಣಿದೆ. ಆ ವಾರದಲ್ಲೇ ಮೂರು ಗಂಜಿ, ಮೂರು ಪೀಪಾಯಿ. ತಮ್ಮನ್ನು ತೊಳೆದು ಒರೆಸಿ ಚಾಪೆಲ್ಲಿಗೆ ಮರಳಿಸಿದೆ.

ಈಗ ನನ್ನ ದೂರು. ಶನಿವಾರ ಕ್ರಿಕೆಟ್ ಮೈದಾನದ ಮದುವೆ ಡೇರೆಯಲ್ಲಿ, ಬಿಸಿಲು ಸುರಿಯುತ್ತಿರುವಾಗ, ಮದ್ಯ ಮುಟ್ಟದ ಚಾಪೆಲ್ಲಿನ ಮಂದಿಗೆಲ್ಲ ಶುಭ ಕೋರಲು ಚಹಾ ಕೊಡುವ ಒಂದೇ ಒಂದು ಕೆಲಸ ತಮ್ಮ ಪಾಲಿಗಿತ್ತು. ಬೇಡವೆಂದು ಅತ್ತಾಗ ಕುದಿದ ತಾವು, ಕುದಿಯಿರಿ ಎಂದ ದಿನ ಅರವತ್ತಾರಕ್ಕೇ ನಿಂತುಬಿಟ್ಟಿರಿ. ಎಲೆ ಬಣ್ಣ ಬಿಡದೆ ಪಾತ್ರೆ ತೊಳೆದ ನೀರಿನಂಥ ಚಹಾ ಕಪ್ಪುಗಳಿಗಿಳಿದು ಅಲ್ಲೇ ಆರಿತು. ನಮ್ಮ ಯಾರ್ಕ್‌ಶೈರಿನಲ್ಲಿ ಬಿಯರನ್ನು ದೇವರು ಕ್ಷಮಿಸಿಯಾನು, ಆರಿದ ಚಹಾವನ್ನು ಕ್ಷಮಿಸುವವರಿಲ್ಲ. ಪಾದ್ರಿಗಳು ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, "ಮದುಮಗಳಿಗೆ ಶುಭ ಕೋರ್ದೇ ಇರೋಕಾಗುತ್ತಾ" ಎಂದು ನನ್ನ ಪೀಪಾಯಿಯತ್ತ ನಡೆದರು. ಹಿಂದೆಯೇ ಇಡೀ ಗಾಯಕವೃಂದ ಸಾಲುಗಟ್ಟಿತು. ಕ್ರಾಂಪ್ಟನ್ ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಬಹಳ ಹೊತ್ತು ಬೆಟ್ಟದ ಕಡೆ ನೋಡಿ, "ಕುಡೀಬಹುದು" ಎಂದರು. ಲ್ಯಾಂಕಾಶೈರಿನವರು ಅದಕ್ಕಿಂತ ದೊಡ್ಡ ಮಾತನ್ನು ಸಮಾಧಿಕಲ್ಲಿನ ಮೇಲೂ ಕೆತ್ತಿಸುವುದಿಲ್ಲ. ನಾಲ್ಕನೆಯ ಗ್ಲಾಸನ್ನು ಅವರೇ ಕೇಳಿ ಪಡೆದರು. ಅವರ ಎರಡು ಪೀಪಾಯಿಗಳು ಬಿರಡೆ ತೆಗೆಯದೆ ಬೆಟ್ಟ ದಾಟಿ ಹಿಂದಿರುಗಿದವು. ಹೇಜಲ್ ಮದುವೆ ಉಡುಪಿನಲ್ಲೇ ನನ್ನ ಕುತ್ತಿಗೆಗೆ ಜೋತುಬಿದ್ದಳು.

ಆದ್ದರಿಂದ, ಕುದಿಯಬೇಕಾದಾಗ ಕುದಿಯದ ತಪ್ಪಿಗೆ ತಾವು ಚಹಾ ಎಲೆಗಳಲ್ಲಿ ಬಹಿರಂಗ ಕ್ಷಮೆ ಯಾಚಿಸಬೇಕೆಂದೂ, ಚಾಪೆಲ್ಲಿನ ಮದ್ಯವರ್ಜನ ಸಮಿತಿಗೆ ರಾಜೀನಾಮೆ ಕೊಡಬೇಕೆಂದೂ, ಮುಂದೆ ಹೇಜಲಳ ಮಕ್ಕಳ ನಾಮಕರಣಕ್ಕೆ ಟೊಪ್ಪಿಗೆ ಸಮೇತ ನನ್ನ ಶೆಡ್ಡಿಗೆ ದಯಮಾಡಿಸಬೇಕೆಂದೂ ವಿನಯಪೂರ್ವಕ ಪ್ರಾರ್ಥಿಸುತ್ತೇನೆ.

ಇಂತಿ, ಅರವತ್ತಾರು ಡಿಗ್ರಿಯಷ್ಟೇ ಬೆಚ್ಚಗಿರುವ
ತಮ್ಮ ವಿಶ್ವಾಸಿ,
ಹೆಡ್ಲಿ ಸಗ್ಡನ್

ಮರೆತ ಮಾತು: ಶನಿವಾರ ತಮ್ಮನ್ನು ಮುಖಾಮುಖಿ ಬೈಯಲೆಂದೇ ಡೇರೆಯ ಹಿಂದಕ್ಕೆ ಬಂದಿದ್ದೆ. ತಾವು ಆ ಬಿಸಿಲಿನಲ್ಲೂ ನೇರಳೆ ಟೊಪ್ಪಿಗೆ ಹೊದ್ದಿದ್ದಿರಿ, ವೈರು ಕಿತ್ತು ಅಚ್ಚುಕಟ್ಟಾಗಿ ಸುತ್ತಿಟ್ಟಿತ್ತು. ಪಕ್ಕದ ಸ್ಟೂಲಿನ ಮೇಲೆ ಎನಿಡ್ ಬಾಟಮ್ಲಿ ಕೂತಿದ್ದರು, ಮೇಲ್ತುಟಿಯ ಮೇಲೆ ಬಿಳಿ ನೊರೆ. "ಏನ್ ನೋಡ್ತೀಯಾ? ಕುದಿಸ್ಬೇಡ ಅಂತ ನೀನೇ ತಾನೇ ಮೂರು ತಿಂಗಳು ಇದರ ಕಾಲು ಹಿಡಿದಿದ್ದು" ಎಂದು ಖಾಲಿ ಗ್ಲಾಸನ್ನು ನನ್ನ ಕೈಗಿತ್ತರು. ತುಂಬಿಸಿ ತಂದುಕೊಟ್ಟೆ. ಹಾಗಾಗಿ ಮೇಲಿನ ದೂರನ್ನು ಹಿಂಪಡೆಯುತ್ತೇನೆ. ಆದರೂ ಪತ್ರವನ್ನು ಚಾಪೆಲ್ಲಿನ ಬಾಗಿಲಿಗೆ ಅಂಟಿಸುವಾಗ ಈ ಕೊನೆಯ ತುಂಡನ್ನು ಮಾತ್ರ ಹರಿದುಕೊಳ್ಳುತ್ತೇನೆ. ತಪ್ಪು ತಮ್ಮದೇ ಎಂದು ಊರು ನಂಬಿಕೊಂಡಿರಲಿ, ತಾವೂ ಬಾಯಿ ಬಿಡಬೇಡಿ.