ತುತ್ತೂರಿ ಊದಿದ್ರ ಅವ್ರನ್ನ ಎಬ್ಬಸೋರ್ಯಾರು?

ಲೋಕದ ಕೊನೀ ದಿನಾ ಹತ್ರ ಬಂತು ಅಂತ ಹೇಳೂದು ನಮ್ಮನಿಯವ್ರ ಕೆಲಸ. ಪಾದ್ರಿ ಅಲ್ಲೇನ್ರಿ! ಅದು ಬರೂತನಕ ರೊಟ್ಟಿ ಬಡಿಯೂದು ನನ್ನ ಕೆಲಸ. ಇಳಕಲ್ಲ, ಹುನಗುಂದ, ಬಾದಾಮಿ, ಬಾಗಲಕೋಟಿ, ಎಲ್ಲಿಗೆ ವರ್ಗಾ ಆದ್ರೂ ಇವ್ರು ಐತವಾರ 'ಸ್ವಾಮಿ ಬರ್ತಾನ, ತಯಾರಿರ್ರಿ' ಅಂತ ಬೋಧನಾ ಮಾಡೂದು, ಜನಾ ಅದನ್ನ ಮನಸ್ಸಿಗೆ ಹಚ್ಕೊಂಡು ಸೋಮವಾರ ನನ್ನ ಅಡಗಿಮನಿ ಬಾಗಲಕ್ಕ ಬಂದು ನಿಂದ್ರೂದು, ಇದು ಒಂದ ಊರಾಗೂ ತಪ್ಪಲಿಲ್ಲ. ಇವ್ರನ್ನ ಕೇಳಾಕ ಮಂದಿಗೆ ಅಂಜಿಕಿ. ನನ್ನ ಕೇಳಾಕ ಯಾತರ ಅಂಜಿಕಿ?

೧. ಬೀಸುಕಲ್ಲು

ಎಪ್ಪತ್ತರ ದಶಕದಾಗ ಇಳಕಲ್ಲದಾಗಿದ್ವಿ. ಸ್ವಾಮಿ ಬರೂ ದಿನಾ ಇಬ್ಬರು ಹೆಂಗಸರು ಒಂದ ಬೀಸುಕಲ್ಲಿನ ಮುಂದ ಕುಂತಿರ್ತಾರ, ಒಬ್ಬಾಕಿನ್ನ ಒಯ್ತಾನ, ಇನ್ನೊಬ್ಬಾಕಿನ್ನ ಬಿಡ್ತಾನ ಅಂತ ಇವ್ರು ಹೇಳಿದ್ರು. ನಮ್ಮ ಸಭಾದಾಗ ಇಬ್ಬರು ನೆಗೆಣ್ಣಿಯರು, ಅಣ್ಣ ತಮ್ಮನ ಹೇಣ್ತ್ಯಾರು. ಒಂದ ಮನಿ, ಒಂದ ಬೀಸುಕಲ್ಲು. ಮಾರನೇ ದಿನದಿಂದ ಇಬ್ಬರೂ ಜೋಡಿ ಕುಂಡ್ರವಲ್ರು. ಮನ್ಯಾಗ ಹಿಟ್ಟಿಲ್ಲ, ರೊಟ್ಟಿ ಇಲ್ಲ. ಗಂಡಂದ್ರು ಬ್ಯಾಸತ್ತು ನಮ್ಮನಿಗೆ ಬಂದ್ರು.

ನಾ ಹೋಗಿ ಹಿರೇಸೊಸಿನ್ನ ಕೇಳ್ದೆ, 'ಯಾಕವ್ವಾ, ನಿನ್ನ ಬಿಟ್ಟು ಆಕಿನ್ನ ಒಯ್ತಾನಂತ ಅಂಜಿಕೇನು?'

'ಒಯ್ಲಿ ಬಿಡ್ರಿ ಅಮ್ಮಾರ, ಆಕೀನ ಹೋಗ್ಲಿ. ಉಳದ ಜ್ವಾಳಾ ಬೀಸಾವ್ರು ಯಾರ್ರಿ? ಒಯ್ಯೂದಿದ್ರ ಬೀಸಿ ಮುಗದ ಮ್ಯಾಲ ಒಯ್ಲಿ ಅಂತ ಪಾದ್ರಿ ಸಾಹೇಬ್ರಿಗೆ ಹೇಳ್ರಿ.'

೨. ಮಲಗಿದವ್ರು, ಕುಂತವ್ರು

ಮುಂದ ಬಾಗಲಕೋಟಿಗೆ ಬಂದ್ವಿ. ಅಲ್ಲಿ ದವಾಖಾನ್ಯಾಗ ಆಯಾ ಆಗಿದ್ದ ಒಬ್ಬ ಮುದುಕಿ ನಮ್ಮ ಓಣ್ಯಾಗ ಇದ್ಲು. ಆಕಿ ಗಂಡ ಅದ ದವಾಖಾನಿ ಗೇಟ್ ಕಾಯ್ತಿದ್ದ, ನಾವು ಬರೂದ್ರಾಗ ತೀರಿಕೊಂಡಿದ್ದ. ಕಿವುಡ. ಎಡಗಿವಿ ಅಷ್ಟ ಒಂದೀಟು ಕೇಳತಿತ್ತಂತ. ಆಯಾ ದಿನಾ ಮುಂಜಾನೆ ಆ ಕಿವಿಗೆ ಬಾಯಿ ಹಚ್ಚಿ, 'ಏಳ್ರೀ, ಡ್ಯೂಟಿ ಹೊತ್ತಾತು' ಅಂತ ಓಣಿ ಎಲ್ಲಾ ಏಳೂಹಂಗ ಒದರಿ ಎಬ್ಬಸ್ತಿದ್ಲಂತ.

ಈಗ ಆಕಿಗೆ ಒಂದ ಚಿಂತಿ. ಸ್ವಾಮಿ ಬಂದಾಗ ತುತ್ತೂರಿ ಊದ್ತಾರ, ಸತ್ತವ್ರೆಲ್ಲಾ ಏಳ್ತಾರ. ಗಂಡಗ ಕೇಳಸ್ಲಿಲ್ಲಂದ್ರ?

'ನನ್ನ ಅವ್ರ ಎಡಮಗ್ಗಲಕ್ಕ ಹುಗೀರಿ ಅಮ್ಮಾರ. ತುತ್ತೂರಿ ಊದಿದ್ರ ನಾ ಎಬ್ಬಸ್ತೇನಿ. ಇಲ್ಲಂದ್ರ ಎಲ್ಲಾರೂ ಎದ್ದು ಹೋಗ್ತಾರ, ಅವ್ರೊಬ್ಬರ ಮಲಕೊಂಡು ಉಳೀತಾರ.'

ನನಗ ನಗೂ ಬಂತು, ನುಂಗಿಕೊಂಡೆ. ಹೂಂ ಅಂದೆ.

ಮಗ್ಗಲ ಮನಿ ಮುತ್ಯಾ ಲಿಂಗಾಯತರಾಂವ. ಅವ್ರಲ್ಲಿ ಸತ್ತವ್ರನ್ನ ಕುಂಡ್ರಿಸಿ ಹುಗೀತಾರ. ಕಟ್ಟಿ ಮ್ಯಾಲ ಕುಂತು ಇದನ್ನೆಲ್ಲಾ ಕೇಳಿ, 'ಅಲ್ಲಬೇ, ನಿಮ್ಮ ಮಂದಿ ಮಲಗಿರ್ತಾರ, ಏಳಾಕ ಹೊತ್ತು ಹಿಡೀತೈತಿ. ನಾವು ಮೊದಲ ಕುಂತ ಇರ್ತೀವಿ. ನಿಮ್ಮ ಸ್ವಾಮಿ ಬಂದ್ರ ಎಲ್ಲಾರ್ಕಿಂತ ಮೊದಲ ಶರಣು ಅನ್ನಾಂವ ನಾನ!' ಅಂದ.

ಆಯಾ ನಗಲಿಲ್ಲ. ಕೈ ಮುಗದು, 'ಹಂಗಾದ್ರ ಹೋಗೂಮುಂದ ನಮ್ಮವ್ರನ್ನ ಒಂದೀಟು ತಿವದು ಹೋಗ್ರಿ ಯಪ್ಪಾ' ಅಂದ್ಲು.

೩. ಯಾವ್ದು ಮೊದಲ?

ಎಂಬತ್ತರ ದಶಕದಾಗ ಡ್ಯಾಮಿನ ಹಿನ್ನೀರು ಊರಾಗ ಬರ್ತೈತಿ ಅಂತ ಅಳತಿ ಶುರುವಾತು. ನಮ್ಮ ಸಮಾಧಿ ಜಾಗಾ ಘಟಪ್ರಭಾ ಹೊಳಿ ಕಡೆ, ಮುಳಗೂದ. ಸಭಾದ ಹಿರೇರು ದಿನ್ನಿ ಮ್ಯಾಲ ಬ್ಯಾರೆ ಜಾಗಾ ಹಿಡದು, ಇನ್ನ ಹಳೇದ್ರಾಗ ಯಾರನ್ನೂ ಹುಗ್ಯಾಂಗಿಲ್ಲ ಅಂತ ಠರಾವು ಮಾಡಿದ್ರು. ಅಂದ್ರ ಗಂಡ ನೀರಾಗ, ಹೇಣ್ತಿ ದಿನ್ನಿ ಮ್ಯಾಲ. ಆಯಾ ಊಟಾ ಬಿಟ್ಲು.

ಅಳತಿ ಸಾಹೇಬ ಬಂದ ದಿನಾ ಆಕಿ ಗಂಡನ ಸಮಾಧಿ ಮ್ಯಾಲ ಹೋಗಿ ಕುಂತ್ಲು. ನಾನೂ ಜೋಡಿ ಹೋಗಿದ್ದೆ.

'ಇಲ್ಲಿ ಯಾರದಾರಬೇ?' ಅಂದ ಸಾಹೇಬ.

'ನನ್ನ ಗಂಡ.'

'ಎಲ್ಲೀತನಕ ಇಲ್ಲೇ ಇರಾವ್ರು?'

'ಸ್ವಾಮಿ ಬರೂತನಕ.'

ಸಾಹೇಬ ಅಳತಿ ಸರಪಳಿ ಸುತ್ತಿಕೋತ, 'ನಮ್ಮ ನೀರು ಅದಕ್ಕಿಂತ ಮೊದಲ ಬರ್ತೈತಿ, ಯವ್ವಾ' ಅಂದ.

ಸಂಜಿಕ್ಕ ಇವ್ರು ಸಮಾಧಾನ ಹೇಳಾಕ ಕುಂತ್ರು. ಕೊನೀ ದಿನಾ ಸಮುದ್ರಾನೂ ತನ್ನೊಳಗಿನ ಸತ್ತವ್ರನ್ನ ತಿರುಗಿ ಕೊಡ್ತೈತಿ ಅಂದ್ರು. ಆಯಾ ಮಾರಿ ಮ್ಯಾಲೆತ್ತಿ ಕೇಳಿದ್ಲು, 'ಸಮುದ್ರಕ್ಕೇನೋ ಹೇಳ್ಯಾರ್ರಿ. ಘಟಪ್ರಭಾಕ್ಕ ಯಾರು ಹೇಳ್ಯಾರ?'

ಇವ್ರು ಬೈಬಲ್ಲ ಮುಚ್ಚಿ ನನ್ನ ಕಡೆ ನೋಡಿ ಚಾ ಕೇಳಿದ್ರು.

೪. ಮನಿ ಬದಲಿ

ಈಗ ಗಂಡಾ ಹೇಣ್ತಿ ಇಬ್ಬರೂ ದಿನ್ನಿ ಮ್ಯಾಲ ಅದಾರ, ಆಕಿ ಎಡಮಗ್ಗಲಕ್ಕ. ಆದ್ರ ಆಕಿಗಿಂತ ಮೊದಲ ಆತನ್ನ ಅಲ್ಲಿಗೆ ಒಯ್ದ ದಿನದ್ದು ಹೇಳಬೇಕು.

ಆಯಾ ಹಾಸಗಿ ಹಿಡದಿದ್ಲು. ಗಂಡನ ಎಲುಬು ತಗದು ಹೊಸಾ ಜಾಗಾದಾಗ ಇಡ್ರಿ ಅಂತ ಆಕಿ ಕೇಳಿದ್ರ ಹಿರೇರು ಒಪ್ಪವಲ್ರು. 'ಒಬ್ಬರನ್ನ ತಗದ್ರ ಎಲ್ಲಾರೂ ಕೇಳ್ತಾರ' ಅಂದ್ರು. ನನಗ ಎಲ್ಲಿತ್ತೋ ಸಿಟ್ಟು. ಅವ್ರ ಮೀಟಿಂಗಿನ್ಯಾಗ ಹೋಗಿ ನಿಂತು, 'ಆತು, ತಗೀಬ್ಯಾಡ್ರಿ. ಆ ದಿನಾ ಯಾರು ನೀರಾಗ ಮುಳುಗಿ ಆತನ್ನ ಎಬ್ಬಸ್ತೀರಿ, ಈಗ ಕೈ ಎತ್ರಿ' ಅಂದೆ. ಒಬ್ಬರೂ ಕೈ ಎತ್ತಲಿಲ್ಲ. ನಮ್ಮನಿಯವ್ರು ಎದ್ದು ಗುದ್ದಲಿ ತರಾಕ ಹೋದ್ರು.

ಅಗಿಯೂ ದಿನಾ ಆಯಾ ಮನ್ಯಾಗ ಇರಾಕ ಒಪ್ಪಲಿಲ್ಲ. ಹೊರಸಿನ ಮ್ಯಾಲ ಹೊತ್ತು ತಂದ್ವಿ. ಮಾತಾಡಿದ್ರ ಉಸರು ಹತ್ತೂದು, ಬಾಯಿ ತಗೀಬ್ಯಾಡ ಅಂತ ಡಾಕ್ಟರು ಹೇಳಿದ್ರು. ಮಣ್ಣು ತಗದ್ರು. ಒಂದ ಬುರುಡಿ, ನಾಕ ಎಲುಬು, ಅಷ್ಟ. ಹೊಸಾ ಅರಿವಿ ಹಾಸಿದ ಪೆಟಿಗ್ಯಾಗ ಇಟ್ರು. ಮಗ್ಗಲ ಮನಿ ಮುತ್ಯಾನೂ ಬಂದಿದ್ದ, ರುಮಾಲಾ ತಗದು ನಿಂತಿದ್ದ. ನನ್ನ ಕಣ್ಣಾಗ ನೀರು ಬಂತು.

ಪೆಟಿಗಿ ಎತ್ತೂಮುಂದ ಒಂದೀಟು ಅಲುಗಾಡ್ತು. ಆಯಾ ಗಾಬರಿ ಆದ್ಲು. 'ತಡೀರಿ, ತಡೀರಿ!' ಅಂದಾಕೀನ ಹೊರಸಿನಿಂದ ಜಾರಿ ಇಳದು, ಅಂಬೆಗಾಲಿಟ್ಟು ಹೋಗಿ, ಆ ಬುರುಡಿ ಎಡಮಗ್ಗಲಕ್ಕ ಬಾಯಿ ಹಚ್ಚಿ, ಹೊಳಿ ಆಚೀ ದಂಡಿಗೆ ಕೇಳೂಹಂಗ ಒದರಿದ್ಲು:

'ಏಳಬ್ಯಾಡ್ರೀ! ಸ್ವಾಮಿ ಇನ್ನೂ ಬಂದಿಲ್ಲ! ಇದು ಬರೇ ಮನಿ ಬದಲಿ! ಮಲಕೋರಿ, ಬಂದ್ರ ನಾ ಎಬ್ಬಸ್ತೇನಿ!'