ಮಂಚದಿಂದ ಎಣಿಸುವ ಅತ್ತೆ

ಒಂದು ಓರೆಗೆರೆಗಾಗಿ ಸ್ವಂತ ಅಣ್ಣನ ಮಗನನ್ನು ಕೆಲಸದಿಂದ ತೆಗೆದುಹಾಕಿದ ಹೆಂಗಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಆ ಅಣ್ಣನ ಮಗ ನಾನೇ, ಆ ಹೆಂಗಸು ನಮ್ಮ ಅತ್ತೆ! ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅರ್ಧ ರೊಟ್ಟಿ ಮುರಿದುಕೊಟ್ಟು ಮತ್ತೆ ಸೇರಿಸಿಕೊಂಡರು ಎನ್ನುವುದು ಬೇರೆ ಮಾತು. ಆ ಅರ್ಧ ದಿನ ನನಗಾದ ಆಘಾತ ಮಾತ್ರ ಶತ್ರುವಿಗೂ ಬೇಡ.

ಇದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಗೋಕುಲ ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅತ್ತೆ ಕಂಪ್ಯೂಟರ್ ಇಟ್ಟುಕೊಂಡು, ತಾರಿಹಾಳದ ಸಣ್ಣ ಕಾರ್ಖಾನೆಗಳಿಗೆ ಪ್ರೋಗ್ರಾಮ್ ಬರೆದುಕೊಡುತ್ತಿದ್ದರು. ಪ್ರೋಗ್ರಾಮಿಗೆ ಬೇಕಾದ ಫೈಲ್ ಎಲ್ಲಿದೆ ಎಂದು ಅದಕ್ಕೆ ದಾರಿ ಹೇಳಿಕೊಡಬೇಕಲ್ಲ? ಈ ಫೋಲ್ಡರ್, ಅದರೊಳಗೆ ಆ ಫೋಲ್ಡರ್, ಅದರೊಳಗೆ ಫೈಲ್, ನಡುನಡುವೆ ಒಂದು ಓರೆಗೆರೆ, ಅಂದರೆ ಸ್ಲ್ಯಾಶ್. ವಿಂಡೋಸಿನಲ್ಲಿ ಆ ಗೆರೆ ಒಂದು ಕಡೆ ವಾಲಿದರೆ, ಅದರ ಬದಲು ಕೆಲವರು ಹಾಕಿಕೊಳ್ಳುವ ಲಿನಕ್ಸಿನಲ್ಲಿ ಇನ್ನೊಂದು ಕಡೆ ವಾಲುತ್ತದೆ. ಯಾಕೆ ಹೀಗೆ? ಮಾಡಿದವರನ್ನೇ ಕೇಳಬೇಕು.

ನಾನು ಸಿ ಡ್ರೈವಿನಿಂದ ಶುರುಮಾಡಿ, ಗೆರೆಗಳನ್ನೆಲ್ಲ ಕೈಯಾರೆ ಹಾಕಿ, ಇಡೀ ದಾರಿಯನ್ನು ಭಕ್ತಿಯಿಂದ ಬರೆದಿದ್ದೆ. ನಮ್ಮ ಕೋಣೆಯಲ್ಲಿ ಪ್ರೋಗ್ರಾಮ್ ಕುದುರೆಯ ಹಾಗೆ ಓಡಿತು. ತಾರಿಹಾಳಕ್ಕೆ ಒಯ್ದರೆ, ಅಲ್ಲಿನ ಮಾಲೀಕರ ಅಳಿಯ ಲಿನಕ್ಸ್ ಹಾಕಿ ಕೂತಿದ್ದ. ಸಿ ಡ್ರೈವ್ ಎನ್ನುವುದೇ ಅಲ್ಲಿಲ್ಲ! ಫೈಲ್ ಸಿಗಲಿಲ್ಲವೆಂದು ಪ್ರೋಗ್ರಾಮ್ ಕೈಚೆಲ್ಲಿತು.

"ಫೈಲ್ ಇಲ್ಲೇ ಐತಲ್ರಿ," ಎಂದರು ಮಾಲೀಕರು. "ನನಗ ಕಾಣಾಕತ್ತೈತಿ, ನಿಮ್ಮ ಪ್ರೋಗ್ರಾಮಿಗೆ ಯಾಕ ಕಾಣವಲ್ದು?"

ನಾನು ತಲೆ ತಗ್ಗಿಸಿ ಬಂದು ಅತ್ತೆಗೆ ಹೇಳಿದೆ. ಅವರು ನಾನು ಬರೆದ ಸಾಲನ್ನು ನೋಡಿದರು, ನಂತರ ನನ್ನನ್ನು ನೋಡಿದರು.

"ತಮ್ಮಾ, ನೀ ನಮ್ಮ ಕೋಲ್ಯಾಗಿನ ದಾರಿ ಬರದಿ. ಅದು ಮಂದಿ ಮನ್ಯಾಗ ನಡಿಯೂದಿಲ್ಲ. ಪ್ರೋಗ್ರಾಮು ತಾ ಎಲ್ಲಿ ಕುಂತೇನಿ ಅಂತ ಮದ್ಲ ನೋಡ್ಕೋಬೇಕು, ಅಲ್ಲಿಂದ ಎಣಿಸಬೇಕು. ಗೆರಿ ಹಾಕೂದು ಆ ಮಷೀನಿಗೇ ಬಿಡು, ಅದರ ಗೆರಿ ಅದಕ್ಕ ಗೊತ್ತಿರತೈತಿ. ನಾಳಿಂದ ನೀ ಬರಬ್ಯಾಡ."

ಇಷ್ಟಕ್ಕೇ ನಿಂತಿದ್ದರೆ ಅದನ್ನು ಶಿಸ್ತು ಎನ್ನಬಹುದಿತ್ತು. ಕೇಶ್ವಾಪುರದ ಅವರ ಬಾಡಿಗೆ ಮನೆಯಲ್ಲೂ ಇದೇ ಕಾರುಬಾರು! ಅಲ್ಲಿ ಮಾವ ಇದ್ದರು, ಅತ್ತೆಯ ಗಂಡ. ಕಣ್ಣು ವರ್ಷ ವರ್ಷಕ್ಕೂ ಮಂಜಾಗುತ್ತ ಬಂದು ಆ ಹೊತ್ತಿಗೆ ಪೂರ್ತಿ ಹೋಗಿತ್ತು. ಆದರೂ ಬೆಳಗಿನ ಚಹಾ ಅವರದೇ. ಮದುವೆಯಾದ ಹೊಸದರಿಂದ ಮನೆಮಂದಿಗೆಲ್ಲ ಅವರೇ ಮಾಡುತ್ತಿದ್ದರು. ಪೇಪರ್ ಓದುವುದು ಹೋಗಿತ್ತು, ಸೈಕಲ್ ಹೋಗಿತ್ತು, ಒಬ್ಬರೇ ಪೇಟೆಗೆ ಹೋಗುವುದು ಹೋಗಿತ್ತು. ಕೈಯಲ್ಲಿ ಉಳಿದಿದ್ದದ್ದು ಚಹಾ ಒಂದೇ.

ಆ ಮನೆಯಲ್ಲಿ ಎಲ್ಲವೂ ಮಾವನ ಮಂಚದಿಂದ ಶುರು. ಮಂಚ ಇಳಿದು ಬಲಗೈಯಿಂದ ಗೋಡೆ ಸವರುತ್ತ ಹೋದರೆ ಅಡುಗೆಮನೆಯ ಬಾಗಿಲು, ಬಾಗಿಲಿನ ಎಡಕ್ಕೆ ಒಲೆ, ಒಲೆಯ ಪಕ್ಕ ಚಹಾಪುಡಿ, ಅದರ ಪಕ್ಕ ಸಕ್ಕರೆ. ಒಂದು ಚಮಚ ಅತ್ತಿತ್ತ ಆಗುವ ಹಾಗಿಲ್ಲ. ಕೊನೆಗೆ ಅತ್ತೆ ಕೂಡ ಒಂದು ಡಬ್ಬಿಯ ಹಾಗೆ, ಚಹಾದ ಹೊತ್ತಿಗೆ ಬಾಗಿಲ ಪಕ್ಕದ ಮಣೆಯ ಮೇಲೇ ಕೂರುವವರು. ಬೀಗರು ಬಂದು ಕುರ್ಚಿ ಎಳೆದುಕೊಟ್ಟರೂ ಏಳುತ್ತಿರಲಿಲ್ಲ. ಇದೆಂಥ ಹಟ ಎಂದು ನಾನು ಬೆರಗಾಗುತ್ತಿದ್ದೆ.

ಒಮ್ಮೆ ನಮ್ಮ ಅವ್ವ ಉಳಿಯಲು ಹೋದವಳು, ನಾದಿನಿಗೆ ಸಹಾಯವಾಗಲಿ ಎಂದು ಡಬ್ಬಿಗಳನ್ನೆಲ್ಲ ತೊಳೆದು ದೊಡ್ಡದು ಸಣ್ಣದು ನೋಡಿ ಸಾಲಾಗಿ ಜೋಡಿಸಿದಳು. ಮರುದಿನ ಬೆಳಿಗ್ಗೆ ನಾನೂ ಹೋಗಿದ್ದೆ. ಮಾವ ಮಾಡಿದ ಚಹಾ ಬಾಯಿಗಿಟ್ಟರೆ ಉಪ್ಪು! ಅವ್ವನ ಕಣ್ಣು ಹಣೆಗೆ ಏರಿತು. ನಾನು ಉಗುಳಲು ಜಾಗ ಹುಡುಕುತ್ತಿದ್ದೆ. ಮಾವ ಇನ್ನೂ ಕುಡಿದಿರಲಿಲ್ಲ, ತಮ್ಮ ಪಾಲು ಸೋಸುತ್ತ ನಿಂತಿದ್ದರು.

"ಹೆಂಗ ಆಗೇತಿ?" ಎಂದು ಕೇಳಿದರು.

"ಛಲೋ ಆಗೇತಿ. ನಿಮ್ಮ ಪಾಲಿಂದೂ ನನಗ ಹಾಕ್ರಿ," ಎಂದರು ಅತ್ತೆ. ಕೊಟ್ಟರೆ ಅದನ್ನೂ ಕುಡಿದುಬಿಟ್ಟರು. ಅವ್ವ ಅಂದಿನಿಂದ ಆ ಅಡುಗೆಮನೆಯಲ್ಲಿ ಕೈ ಕಟ್ಟಿಕೊಂಡೇ ನಿಲ್ಲತೊಡಗಿದಳು.

ಅಷ್ಟರಲ್ಲಿ ಮನೆ ಖಾಲಿ ಮಾಡಬೇಕಾಯಿತು. ಮನೆ ಮಾಲೀಕರ ಮಗನ ಮದುವೆ ಗೊತ್ತಾಗಿ ಅವರಿಗೆ ಜಾಗ ಬೇಕಿತ್ತು. ಸುದ್ದಿ ಕೇಳಿದ ಮಾವ ಅತ್ತೆಗೆ, "ಇನ್ ಮ್ಯಾಲ ಚಹಾ ನೀನ ಮಾಡ. ಹೊಸಾ ಮನ್ಯಾಗ ನನಗ ನೀಗೂದಿಲ್ಲ," ಎಂದರು. ಅತ್ತೆ ಮನೆ ಹುಡುಕಲು ನನ್ನನ್ನು ಸ್ಕೂಟರ್ ಹತ್ತಿಸಿಕೊಂಡು ಹೊರಟರು.

ಮನೆ ತೋರಿಸುವ ಏಜೆಂಟನ ಗತಿ ಏನು ಹೇಳಲಿ! ಅವನು ಬೋರ್‌ವೆಲ್ ನೀರು, ದೊಡ್ಡ ಅಂಗಳ ಎಂದು ವರ್ಣಿಸುತ್ತಿದ್ದರೆ ಅತ್ತೆ ಖಾಲಿ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಅಂಗಾತ ಮಲಗಿದರು. ಕಣ್ಣು ಮುಚ್ಚಿ ಎದ್ದರು. ಬಲಗೈ ಗೋಡೆಗೆ ಹಚ್ಚಿ ನಡೆದರು. ಹೋಗಿ ಬಚ್ಚಲ ಬಾಗಿಲಿಗೆ ಹಣೆ ಬಡಿಸಿಕೊಂಡರು.

"ಈ ಮನಿ ಬ್ಯಾಡ," ಎಂದರು.

ಏಜೆಂಟ್ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾರಿಗೆ ಆರಾಮ ಐತಿಲ್ರಿ?" ಎಂದು ಪಿಸುಗುಟ್ಟಿದ. ಏನು ಹೇಳಲಿ? ನನಗೂ ಅದೇ ಅನುಮಾನ. ಹೀಗೆ ಊರ ತುಂಬ ಹಣೆ ಬಡಿಸಿಕೊಂಡು, ಕೊನೆಗೆ ಗೋಕುಲ ರಸ್ತೆಯ ಒಳಗಿನ ಓಣಿಯೊಂದರಲ್ಲಿ ಹಣೆ ಎಲ್ಲೂ ತಾಗದ ಮನೆ ಸಿಕ್ಕಿತು.

ಹಾಲುಕ್ಕಿಸುವ ದಿನ ಅವ್ವ ದೇವರ ಪಟ ಹಿಡಿದು ಬಂದರೆ, ಒಳಗೆ ಎಲ್ಲಕ್ಕಿಂತ ಮೊದಲು ಮಾವನ ಮಂಚ ಹೋಗಿ ಕೂತಿದೆ! ಒಲೆಯೂ ಆಗ್ನೇಯದಲ್ಲಿಲ್ಲ.

"ಏನವಾ ಇದು? ದೇವರಿಗಿಂತ ಮದ್ಲ ಮಂಚ ಇಟ್ಟೀಯಲ್ಲ. ವಾಸ್ತು ನೋಡೂದು ಬ್ಯಾಡೇನು?" ಎಂದಳು ಅವ್ವ.

"ದೇವರಿಗೆ ದಿಕ್ಕು ಗೊತ್ತೈತಿ ವೈನಿ," ಎಂದರು ಅತ್ತೆ. ಮುಂದೆ ಹೇಳಿದ್ದು ಇನ್ನೂ ದೊಡ್ಡ ಆಘಾತ. "ಹಾಲು ಅವರ ಉಕ್ಕಿಸತಾರ."

ಮನೆಯೊಡತಿ ಉಕ್ಕಿಸಬೇಕಾದ ಹಾಲು! ಅದೂ ಹೊಸ ಮನೆಯಲ್ಲಿ, ಹೊತ್ತಿದ ಒಲೆಯ ಮುಂದೆ, ಕಣ್ಣಿಲ್ಲದ ಮನುಷ್ಯ. ಅವ್ವ ಪಟವನ್ನು ಎದೆಗೆ ಒತ್ತಿಕೊಂಡಳು.

"ನನಗ ನೀಗೂದಿಲ್ಲ ಅಂದೆನಲ್ಲ," ಎಂದರು ಮಾವ.

"ಮಂಚ ನಿಮ್ಮದ ಐತಿ. ಇಳೀರಿ, ನೋಡೂಣು."

ಮಾವ ಇಳಿದರು. ಬಲಗೈ ಗೋಡೆಯನ್ನು ಹುಡುಕಿತು, ಸಿಕ್ಕಿತು. ಹಿಡಿಯಲು ಹೋದ ನನ್ನನ್ನು ಅತ್ತೆ ತೋಳು ಜಗ್ಗಿ ನಿಲ್ಲಿಸಿದರು. ಮಾವ ಬಾಗಿಲು ದಾಟಿ ಎಡಕ್ಕೆ ತಿರುಗಿದರು, ಒಲೆ ಮುಟ್ಟಿದರು, ಪಕ್ಕದ ಬೆಂಕಿಪೊಟ್ಟಣ ಮುಟ್ಟಿದರು. ಅವರ ಮುಖ ಸಡಿಲವಾಯಿತು.

ಆಫೀಸಿನ ಹುಚ್ಚನ್ನು ಅತ್ತೆ ಮನೆಗೆ ತಂದಿದ್ದಾರೆ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಅದು ತಿರುವುಮುರುವಾಗಿತ್ತು. ಮಾವನ ಕಣ್ಣು ಮಂಜಾಗತೊಡಗಿದಾಗ ಮನೆಯಲ್ಲಿ ಕಲಿತದ್ದನ್ನೇ ಅವರು ಆಫೀಸಿಗೆ ಒಯ್ದಿದ್ದರು.

ಹಾಲು ಉಕ್ಕಿ ಚುರ್ ಎಂದಿತು. ಅವ್ವ ಕಣ್ಣೊರೆಸಿಕೊಂಡು, "ದೇವರನ್ನ ಎಲ್ಲಿ ಇಡ್ಲಿ ಹೇಳವಾ," ಎಂದಳು. ಮಾವ ಉಳಿದ ಹಾಲಿಗೆ ನೀರು ಹಾಕಿ, ಚಹಾಪುಡಿಗೆ ಕೈಚಾಚಿದರು. ಯಾರನ್ನೂ ಏನನ್ನೂ ಕೇಳಲಿಲ್ಲ.

ಚಹಾ ಸೋಸಿ, ಮೊದಲ ಲೋಟವನ್ನು ಬಾಗಿಲ ಪಕ್ಕಕ್ಕೆ, ಮಣೆಯ ಎತ್ತರಕ್ಕೆ ಬಗ್ಗಿ ನೀಡಿದರು. ಅತ್ತೆ ಅಲ್ಲಿ ಕೂತಿದ್ದರು.